ದ್ಯಾವಮ್ಮ ಎಡಕ್ಕೆ ಕೊಟ್ಟ ಹೂವು

ತಾಯಿ ದ್ಯಾವಮ್ಮನನ್ನು ನಂಬಿದವರೇ, ಕಳೆದ ಏಪ್ರಿಲ್‌ನಲ್ಲಿ ಪಿಯುಸಿ ಫಲಿತಾಂಶ ಬಂದ ದಿನ ನಾನು ಫಿಸಿಕ್ಸ್‌ನಲ್ಲಿ ಫೇಲಾದೆ. ಸ್ವಲ್ಪದರಲ್ಲಿ ತಪ್ಪಿತು ಪಾಪ ಎಂದು ಮರುಗಬೇಡಿ. ಅಂಕ ನೋಡಿ, ಎಡಗಡೆಯ ಅಂಕಿಯೊಂದು ಮೊಬೈಲಿನ ಒಡೆದ ಗಾಜಿನೊಳಗೆ ಸಿಕ್ಕಿಹಾಕಿಕೊಂಡಿರಬೇಕೆಂದು ಅಂಗಿಯ ತುದಿಯಿಂದ ಉಜ್ಜಿ ಉಜ್ಜಿ ನೋಡಿದೆ. ಇಲ್ಲ, ಅಷ್ಟೇ ಇತ್ತು.

ನನ್ನ ಹೆಸರು ಮೌನೇಶ, ಊರು ದೇವದುರ್ಗ. ನಾನು ಸೋಮಾರಿಯಲ್ಲ, ನನ್ನ ದಡ್ಡತನ ಹಗಲೆಲ್ಲ ದುಡಿಯುವಂಥದ್ದು. ಗೈಡಿನಲ್ಲಿದ್ದ ಅಭ್ಯಾಸದ ಲೆಕ್ಕಗಳನ್ನೆಲ್ಲ ಉತ್ತರ ಸಮೇತ ಮಂತ್ರದಂತೆ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಅವೇ ಲೆಕ್ಕ ಬಂದವು, ಅಂಕಿಗಳು ಮಾತ್ರ ಬೇರೆ. ನಾನು ಗೈಡಿಗೆ ದ್ರೋಹ ಬಗೆಯದೆ ಹಳೆಯ ಉತ್ತರಗಳನ್ನೇ ಬರೆದೆ. ಒಂದರಲ್ಲಿ ಮಾತ್ರ ಸ್ವಂತ ಬುದ್ಧಿ ಓಡಿಸಿದೆ. ಸಣ್ಣ ಬಲ್ಬಿನಲ್ಲಿ ಹರಿಯುವ ಕರೆಂಟು ರಾಯಚೂರಿನ ಹತ್ತಿ ಮಿಲ್ಲುಗಳನ್ನೆಲ್ಲ ಓಡಿಸಿ ಮಿಕ್ಕುವಷ್ಟು ಬಂತು. ಅದರ ಸುತ್ತ ಡಬ್ಬಿ ಹಾಕಿ, ಕೆಳಗೆ ಗೆರೆ ಎಳೆದು ಹೆಮ್ಮೆಯಿಂದ ಎದ್ದು ಬಂದಿದ್ದೆ.

ಆದರೆ ಮನೆಯಲ್ಲಿ ಯಾರಿಗೂ ನಗು ಬರಲಿಲ್ಲ. ಅಪ್ಪನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಮುಂಜಾನೆಯ ಬಸ್ಸು ಹತ್ತಿ ಡಯಾಲಿಸಿಸ್‌ಗೆಂದು ರಾಯಚೂರಿಗೆ ಹೋಗಬೇಕು. ಹೋಗುವಾಗ ರಾಯಚೂರು ಹತ್ತಿರದ ಕಲ್ಮಲದ ತನಕ ಮಾತಾಡುತ್ತಲೇ ಇರುತ್ತಾನೆ, ಬರುವಾಗ ಕಿಟಕಿಗೆ ತಲೆ ಕೊಟ್ಟು ಸುಮ್ಮನಾಗುತ್ತಾನೆ. ಆ ವಾರ್ಡಿನಲ್ಲಿ ಮಷೀನು ನಡೆಸುವವರನ್ನು ನೋಡಿ ನೋಡಿ ನನಗೂ ಡಯಾಲಿಸಿಸ್ ಟೆಕ್ನಿಷಿಯನ್ ಕೋರ್ಸ್ ಸೇರುವ ಆಸೆ ಹುಟ್ಟಿತ್ತು. ರಾಯಚೂರಿನಲ್ಲೇ ಕಲಿಸುತ್ತಾರೆ, ಪಿಯುಸಿ ಪಾಸಾಗಿರಬೇಕು ಅಷ್ಟೇ. ಎರಡನೇ ಸಲದ ಪರೀಕ್ಷೆಯಲ್ಲಿ ಫಿಸಿಕ್ಸ್ ದಾಟಿದರೆ ಈ ವರ್ಷವೇ ಪ್ರವೇಶ, ಇಲ್ಲವಾದರೆ ಮುಂದಿನ ವರ್ಷ. ಮುಂದಿನ ವರ್ಷ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಆಡುವುದಿಲ್ಲ.

“ಪಾಸಾಗಲೇ ಮೊದ್ಲು,” ಎಂದ ಅಪ್ಪ. “ಆ ಸೂಜಿ ನಿನ್ ಕೈಲೇ ಚುಚ್ಚಿಸ್ಕೊಂತೀನಿ. ಸಣ್ಣಾಂವಿದ್ದಾಗ ನಿನಗ ಬಡಿದಿದ್ದೆಲ್ಲಾ ಒಂದೇ ಸಲಕ್ಕ ವಸೂಲ್ ಮಾಡ್ಕೋ.”

ಕಲಿಸಲು ಬಂದವನು ಗೆಳೆಯ ಮೆಹಬೂಬ. ನನ್ನ ಕ್ಲಾಸಿನವನೇ, ಅವರಪ್ಪನದು ಬಜಾರದಲ್ಲಿ ಬಳೆ ಅಂಗಡಿ. ಫಿಸಿಕ್ಸ್‌ನಲ್ಲಿ ಚೆನ್ನಾಗಿಯೇ ಪಾಸಾಗಿದ್ದ. ದಿನಾ ಮುಂಜಾನೆ ಬಂದು ಲೆಕ್ಕದ ಮೇಲೆ ಲೆಕ್ಕ ಮಾಡಿಸುತ್ತಿದ್ದ. ಲೆನ್ಸಿನ ಪಾಠಕ್ಕೆ ಬಂದಾಗ ನಾನು ಕೈ ಚೆಲ್ಲಿದೆ. ಲೆನ್ಸಿನ ಈಚೆಗಿದ್ದರೆ ಮೈನಸ್, ಆಚೆಗಿದ್ದರೆ ಪ್ಲಸ್ ಎಂದು ಅವನು, ಈಚೆ ಯಾವುದು ಆಚೆ ಯಾವುದು ಎಂದು ನಾನು.

“ಇದೊಂದು ಪಾಠ ಬಿಟ್ಟುಬಿಡೋಣಲೇ.”

“ಅರೇ ಯಾರ್, ಬಿಡೋದು ಹ್ಯಾಂಗ? ಇದರ ಮ್ಯಾಲೆ ಲೆಕ್ಕ ಬಂದೇ ಬರ್ತದ.”

ಅವನ ತೀರ್ಪು ನನಗೆ ಒಪ್ಪಿಗೆಯಾಗಲಿಲ್ಲ. ಮೇಲಿನ ಕೋರ್ಟಿಗೆ ಹೋಗುವುದೆಂದು ನಿಶ್ಚಯಿಸಿದೆ. ಮೇಲಿನ ಕೋರ್ಟೆಂದರೆ ನಮ್ಮ ಓಣಿಯ ದ್ಯಾವಮ್ಮ.

ನಮ್ಮ ಕಡೆ ಹೂ ಕೇಳುವುದು ನಿಮಗೆ ಗೊತ್ತು. ತಾಯಿಯ ಎರಡೂ ಭುಜಗಳಿಗೆ ಒದ್ದೆ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲೇ ಪ್ರಶ್ನೆ ಕೇಳಿ ಕೂರಬೇಕು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೂ ಬೀಳುವ ತನಕ ಕೇಳಿದವನು ಏಳುವಂತಿಲ್ಲ.

ಪರೀಕ್ಷೆ ಅದೇ ವಾರದಲ್ಲಿತ್ತು. ಅವ್ವ ಅಪ್ಪನನ್ನು ಕರೆದುಕೊಂಡು ರಾಯಚೂರಿಗೆ ಹೋದ ಮೇಲೆ, ಮೆಹಬೂಬ ಬರುವ ಮುಂಚೆಯೇ ನಾನು ಗುಡಿಗೆ ಜಾರಿಕೊಂಡೆ. ಲೆನ್ಸಿನ ಲೆಕ್ಕಗಳ ಹಾಳೆಗಳನ್ನೂ ಒಯ್ದು ತಾಯಿಯ ಮುಂದಿಟ್ಟೆ. ನನ್ನ ಮೇಲೆ ಎಂಥ ಅನ್ಯಾಯ ನಡೆದಿದೆಯೆಂದು ಆಕೆಯೇ ಕಣ್ಣಾರೆ ನೋಡಲಿ ಎಂದು. ಪೂಜೆ ಮಾಡುವ ಈರಮ್ಮಜ್ಜಿ ಎಸಳು ಅಂಟಿಸಿದಳು. ‘ಯವ್ವಾ, ಈ ಪಾಠ ಬಿಡಲೇನು?’ ಎಂದು ಮನಸ್ಸಿನಲ್ಲಿ ಕೇಳಿದೆ. ಅಜ್ಜಿ ಫ್ಯಾನ್ ಆರಿಸಿದಳು.

“ಯಾಕಜ್ಜಿ, ಜೀವ ಹೋಗ್ತದ ಈ ಬಿಸಿಲಾಗ!”

“ಫ್ಯಾನಿನ ಗಾಳಿಗಿ ಬಿದ್ರ ಅದು ಕರೆಂಟ್ ಕೊಟ್ಟ ಹೂ ಆಗ್ತದ. ಯವ್ವ ಕೊಟ್ಟಿದ್ದು ಹ್ಯಾಂಗಾಗ್ತದ? ಸುಮ್ನ ಕುಂಡ್ರು.”

ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ ಎಂದುಕೊಂಡಿದ್ದೆ. ಬಿಸಿಲು ಅಂಗಳ ದಾಟಿ ಹೊಸ್ತಿಲಿಗೆ ಬಂತು. ಎಸಳು ಮಿಸುಕಲಿಲ್ಲ. ಆ ಗುಡಿಯಲ್ಲಿ ಅಲುಗುತ್ತಿದ್ದದ್ದು ನನ್ನ ಬೆನ್ನ ಮೇಲಿನ ಬೆವರೊಂದೇ.

ಅಷ್ಟರಲ್ಲಿ ಮೆಹಬೂಬ ಸಿಟ್ಟಿನಿಂದ ಬಂದ. “ಲೇ ಮೌನ್ಯಾ! ಮನಿತಾವ ಕೂಗಿ ಕೂಗಿ ಗಂಟ್ಲ ಹರೀತು. ಇಲ್ಲೇನ್ ಮಾಡಾಕತ್ತೀ?”

“ಹೂ ಕೇಳಾಕತ್ತೀನಿ.”

“ಏಳು, ಲೆಕ್ಕ ಮಾಡೋದದ.”

“ಏಳಂಗಿಲ್ಲಲೇ. ಹೂ ಬಿದ್ದ ಮ್ಯಾಲೇ ಏಳಬೇಕು.”

ಅವನು ನನ್ನನ್ನು ನೋಡಿದ, ತಾಯಿಯ ಮುಂದಿದ್ದ ಹಾಳೆಗಳನ್ನು ನೋಡಿದ. ತಪ್ಪಿಸಿಕೊಂಡ ಹೋತ ತಾನಾಗಿಯೇ ಗೂಟಕ್ಕೆ ಸುತ್ತಿಕೊಂಡಿದ್ದು ಕಂಡವನ ಹಾಗೆ ಅವನ ಮುಖ ಅರಳಿತು. “ಅಜ್ಜಿ, ಇವ ಕುಂತಲ್ಲೇ ಲೆಕ್ಕ ಮಾಡಬೌದೇನ್ರಿ?”

“ಮಾಡ್ಲಿ ಬಿಡಪ. ತೂಕಡಿಸಿ ಯವ್ವನ ಮ್ಯಾಲೆ ಬೀಳೋದಕಿಂತ ಚಲೋ.”

ಅವನು ಹೊಸ್ತಿಲ ಮೇಲೆ ಕೂತ. ಓಡಿಹೋಗಲು ನನಗೆ ದಾರಿಯಿರಲಿಲ್ಲ. ಮೊದಲನೇ ಲೆಕ್ಕ ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದರಲ್ಲಿ ಲೆಕ್ಕದೊಳಗಿನ ಮೇಣದಬತ್ತಿಯ ಬಿಂಬ ದೇವದುರ್ಗ ಬಿಟ್ಟು ಮಾನ್ವಿಯ ಹತ್ತಿರ ಹೋಗಿ ಬಿತ್ತು.

“ಉತ್ರ ಬಂತಂತ ಕುಣದು ಡಬ್ಬಿ ಹಾಕಬ್ಯಾಡ,” ಎಂದ ಮೆಹಬೂಬ. “ಮೊದ್ಲ ಚಿತ್ರ ತೆಗಿ. ಚಿತ್ರ ಒಂದ್ ಹೇಳ್ತದ, ನಿನ್ ಉತ್ರ ಇನ್ನೊಂದ್ ಹೇಳ್ತದ ಅಂದ್ರ ಹೊಡಿ ಕಾಟು. ಮತ್ತ ಮಾಡು.”

ಕಾಟು ಹೊಡೆದೆ, ಮತ್ತೆ ಮಾಡಿದೆ. ಒಂದು ಸರಿಬಂತು. ಆಮೇಲೆ ಇನ್ನೊಂದು. ಹಾಳೆಗಳು ಮುಗಿಯುತ್ತ ಬಂದವು, ಹೂ ಮಾತ್ರ ಹಾಗೇ ಇತ್ತು.

ಆಗ ಫೋನ್ ಬಂತು. ಅವ್ವ. “ಮೌನೇಶ, ನಿಮ್ಮಪ್ಪಗ ಬಿಪಿ ಬಾಳ ಇಳದದೋ. ಮಷೀನ್ ನಿಲ್ಸ್ಯಾರ. ಮಾತಾಡವಲ್ಲ...” ಎನ್ನುವಷ್ಟರಲ್ಲಿ ಕಟ್ಟಾಯಿತು. ತಿರುಗಿ ಹಚ್ಚಿದರೆ ಎತ್ತಲಿಲ್ಲ.

ಮೆಹಬೂಬ ಎದ್ದೇಬಿಟ್ಟ. “ಈಗ ಬಸ್ಸಿಲ್ಲ. ಅಬ್ಬಾನ ಗಾಡಿ ತರ್ತೀನಿ, ತಡಿ,” ಎಂದು ಓಡಿದ.

ನಾನು ತಾಯಿಯ ಕಡೆ ತಿರುಗಿದೆ. ಲೆನ್ಸು, ಪರೀಕ್ಷೆ, ಕೋರ್ಸು ಎಲ್ಲವೂ ತಲೆಯಿಂದ ಹೋಗಿದ್ದವು. ‘ಯವ್ವಾ, ನನಗ ಏನೂ ಬ್ಯಾಡ. ಅಪ್ಪ ಉಳಿತಾನೇನು?’

ಎಡಗಡೆಯ ಎಸಳು ಉದುರಿತು.

ಎಡ ಎಂದರೆ ಇಲ್ಲ. ಅಜ್ಜಿ ಹತ್ತಿರ ಬಂದು ಎಸಳನ್ನು ಎತ್ತಿ ನನ್ನ ಕೈಗಿಟ್ಟಳು. “ಯಾಕೋ, ಮಾರಿ ಹಿಂಗ್ಯಾಕ ಆಗ್ಯಾದ?”

ಅಳುತ್ತ ಎಲ್ಲವನ್ನೂ ಹೇಳಿದೆ. ಅಜ್ಜಿ ಪಕ್ಕದಲ್ಲೇ ಕುಳಿತಳು.

“ಹೂ ಇಟ್ಟಾಗ ಏನ್ ಕೇಳಿದ್ದಿ?”

“ಲೆನ್ಸಿನ ಪಾಠ ಬಿಡ್ಲೇನು ಅಂತ.”

“ಅದೇನ್ ಪಾಠೋ ನನಗ ತಿಳಿಯಂಗಿಲ್ಲ. ಬಿಡಬ್ಯಾಡ ಅಂದ್ಳು, ಅಷ್ಟ. ನಡುವ ನಿಮ್ಮಪ್ಪನ ಸಲುವಾಗಿ ಕೇಳಿದ್ದು ಹೂವಿನ ಲೆಕ್ಕಕ್ಕ ಬರಂಗಿಲ್ಲೋ ಹುಚ್ಚಪ್ಪ. ಅದು ಬೇಡಿಕೊಂಡಿದ್ದು. ಬೇಡಿಕೊಂಡಿದ್ದಕ್ಕ ಎಡ ಬಲ ಇರಂಗಿಲ್ಲ.”

ನಂಬಲೋ ಬಿಡಲೋ ತಿಳಿಯಲಿಲ್ಲ. ಹೊರಗೆ ಮೆಹಬೂಬ ಗಾಡಿಯ ಹಾರ್ನ್ ಹೊಡೆದ. ನಾನು ಚಪ್ಪಲಿ ಮೆಟ್ಟುತ್ತಿದ್ದಾಗಲೇ ಫೋನ್ ಮತ್ತೆ ಬಂತು. ಎತ್ತಲು ಧೈರ್ಯ ಬರಲಿಲ್ಲ. ಮೆಹಬೂಬನೇ ಕಸಿದುಕೊಂಡು ಕಿವಿಗೆ ಹಿಡಿದ, ಆಮೇಲೆ ನನ್ನ ಕಿವಿಗೆ ಒತ್ತಿದ. ಅಪ್ಪನ ದನಿ, ಬಾವಿಯೊಳಗಿಂದ ಬಂದ ಹಾಗೆ.

“ಎಷ್ಟು ಲೆಕ್ಕ ಆದ್ವಲೇ?”

“ಎಲ್ಲಾ ಮುಗಿಯಾಕ ಬಂದಾವಪ್ಪ. ನಾ ಬರಾಕತ್ತೀನಿ ಈಗ.”

“ಬರಬ್ಯಾಡ. ಬಿಪಿ ಏರ್ಯಾದ, ಡಾಕ್ಟ್ರು ಹೆದರಬ್ಯಾಡ್ರಿ ಅಂದಾರ. ಅಳಾಕ ಇಲ್ಲಿ ನಿಮ್ಮವ್ವ ಒಬ್ಬಾಕಿ ಸಾಕು. ನೀ ಮುಗಿಸು.”

ಅಜ್ಜಿ ಫ್ಯಾನ್ ಹಾಕಿದಳು. ಮಿಕ್ಕ ಲೆಕ್ಕಗಳನ್ನು ಆ ಗುಡಿಯಲ್ಲೇ ಕೂತು ಮುಗಿಸಿದೆ.

ಪರೀಕ್ಷೆಗೆ ನನಗೆ ಬಿದ್ದ ಕೇಂದ್ರ ಮಾನ್ವಿ. ಸಿರವಾರದಲ್ಲಿ ಬಸ್ಸು ಬದಲಿಸಿ ಓಡೋಡಿ ಮುಟ್ಟಿದೆ. ಪ್ರಶ್ನೆಪತ್ರಿಕೆ ತಿರುವಿದರೆ ಕೊನೆಯ ಪುಟದಲ್ಲಿ ಲೆನ್ಸು ನನ್ನನ್ನೇ ನೋಡುತ್ತಿತ್ತು. ಉಬ್ಬು ಲೆನ್ಸಿನ ನಾಭಿದೂರ ಇಪ್ಪತ್ತು ಸೆಂಟಿಮೀಟರ್, ವಸ್ತು ಇರುವುದು ಮೂವತ್ತರಲ್ಲಿ, ಬಿಂಬವೆಲ್ಲಿ? ಗಡಿಬಿಡಿಯಲ್ಲಿ ಮಾಡಿದೆ, ಹನ್ನೆರಡು ಬಂತು. ಕೈ ತಾನಾಗಿ ಡಬ್ಬಿ ಹಾಕಲು ಹೊರಟಿತು, ಮೂರು ಗೆರೆ ಎಳೆದೂ ಆಗಿತ್ತು. ಪಕ್ಕದಲ್ಲೇ ನಾನು ತೆಗೆದ ಚಿತ್ರವಿತ್ತು. ಅದರಲ್ಲಿ ಕಿರಣಗಳು ಇಪ್ಪತ್ತನ್ನು ದಾಟಿ ಎಷ್ಟೋ ದೂರ ಹೋಗಿ ಕೂಡಿದ್ದವು. ಹನ್ನೆರಡು ಹೇಗಾದೀತು? ಮೇಲ್ವಿಚಾರಕರು “ಹೊತ್ತಾಯ್ತು, ದಾರ ಕಟ್ರಿ” ಎನ್ನುತ್ತಿದ್ದರು. ಸಾಲು ಸಾಲಾಗಿ ಬೆರಳಿಟ್ಟು ನೋಡಿದೆ. ಮೂವತ್ತರ ಮುಂದೆ ಮೈನಸ್ ಇರಲಿಲ್ಲ. ಕಾಟು ಹೊಡೆದೆ. ಮತ್ತೆ ಮಾಡಿದೆ. ಅರವತ್ತು. ಬಿಂಬ ತಲೆಕೆಳಗು, ಎರಡು ಪಟ್ಟು ದೊಡ್ಡದು. ಚಿತ್ರವೂ ಅದನ್ನೇ ಹೇಳಿತು. ಬರೆದು ಮುಗಿಸುವಷ್ಟರಲ್ಲಿ ಉತ್ತರಪತ್ರಿಕೆ ನನ್ನ ಕೈಯಿಂದ ಹೋಯಿತು.

ಪಾಸಾದೆ. ಎಷ್ಟರಲ್ಲಿ ಎಂದು ಕೇಳಬೇಡಿ. ಆ ಒಂದು ಲೆಕ್ಕ ತಪ್ಪಿದ್ದರೆ ಈ ಬರಹವಿರುತ್ತಿರಲಿಲ್ಲ ಎಂದು ತಿಳಿದರೆ ಸಾಕು.

ಈಗ ಅದೇ ಕೋರ್ಸಿನಲ್ಲಿದ್ದೇನೆ. ಮೊದಲ ಸಲ ಬಿಳಿ ಕೋಟು ತೊಟ್ಟು ವಾರ್ಡಿಗೆ ಕಾಲಿಟ್ಟ ದಿನ ಅಪ್ಪನ ಸರದಿಯೇ ಇತ್ತು. ಅಪ್ಪ ಪಕ್ಕದ ಹಾಸಿಗೆಯವರಿಗೆ ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದ: “ನನ್ ಮಗ ನೋಡ್ರಿ. ಫಿಜಿಕ್ಸ್ ಪಾಸಾಗ್ಯಾನ.”

“ಮಷೀನ್ ಮುಟ್ಟಾಕ ಬಿಟ್ಟಾರೇನ್ರಿ?” ಎಂದು ಅವರು ಕೇಳಿದರು.

“ಇಲ್ರಿ. ಸದ್ಯ ಬಾಗ್ಲ ಮುಟ್ಟಾಕ ಬಿಟ್ಟಾರ,” ಎಂದ ಅಪ್ಪ.

ಅಪ್ಪನ ಕಾಯಿಲೆ ಹೋಗಿಲ್ಲ, ಬಸ್ಸೂ ತಪ್ಪಿಲ್ಲ. ಆದರೆ ಆ ದಿನ ಮಷೀನಿನ ಎಚ್ಚರಿಕೆಯ ಗಂಟೆ ಬಡಿದಾಗ ಅಪ್ಪ ಯಾರಾದರೂ ಬರಲೆಂದು ಬಾಗಿಲಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ನಾನು ಅಲ್ಲೇ ಇದ್ದೆ. ಬೇಡಿಕೊಂಡಿದ್ದಕ್ಕೆ ದ್ಯಾವಮ್ಮ ಕೊಟ್ಟ ಉತ್ತರ ಅದೇ ಎಂದು ನಾನು ನಂಬಿದ್ದೇನೆ. ತಾಯಿಯ ಪಾದಕ್ಕೆ ನನ್ನ ಹಣೆ.