ಘಟ್ಟದ ಕೆಳಗಿನ ಗಾಳಿಗೆ ಇಂಜಿನ್ ಹದ ಮಾಡುವ ಮುನಿಯಲ್ಲಪ್ಪ

ಬೆಳಗಿನ ಐದೂವರೆ. ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಮುನಿಯಲ್ಲಪ್ಪ ಬಿಳಿ ಫಿಯಟ್ ಕಾರಿನ ಬಾನೆಟ್ ಎತ್ತಿದ್ದಾರೆ. ಮುದ್ದೆ ತಿರುವುವ ಕೋಲಿನ ಒಂದು ತುದಿ ಓಡುತ್ತಿರುವ ಇಂಜಿನ್ನಿನ ಮೇಲೆ, ಇನ್ನೊಂದು ತುದಿ ಅವರ ಕಿವಿಗೆ. ಒಳಗಿನ ಸದ್ದು ಕೇಳುವುದು ಹೀಗೆ. ನಾನು ನಮಸ್ಕಾರ ಅಂದರೆ ಬೆರಳೆತ್ತಿ ಸುಮ್ಮನಿರಿಸುತ್ತಾರೆ.

"ಮನೇಲಿ ಕೋಲು ಕಾಣ್ಲಿಲ್ಲ ಅಂದ್ರೆ ಶೆಡ್ಡಿಗೇ ಬರ್ಬೇಕು ಸಾರ್. ಇದು ಮೂರನೇದು," ಎಂದು ಕಾಫಿ ತಂದ ಹೆಂಡತಿ ಶ್ಯಾಮಲಮ್ಮ ದೂರುತ್ತಾರೆ.

ರೇಸಿನಲ್ಲಿ ಗೆದ್ದ ಡ್ರೈವರನ ಫೋಟೋ ಪೇಪರಿನಲ್ಲಿ ಬರುತ್ತದೆ. ಇಂಜಿನ್ ಬಿಚ್ಚಿ ಕಟ್ಟಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಹತ್ತು ವರ್ಷ ಪೇಪರಿಗೆ ರೇಸಿನ ಸುದ್ದಿ ಬರೆದ ನಾನೂ ಕೇಳಿದವನಲ್ಲ.

ಮುನಿಯಲ್ಲಪ್ಪನವರಿಗೆ ನಲವತ್ತಾರು. ಹುಟ್ಟಿದ್ದು ಗೌನಿಪಲ್ಲಿ, ಅಪ್ಪ ತೋಟದ ಬಾವಿಗಳ ಪಂಪ್ ರಿಪೇರಿ ಮಾಡುತ್ತಿದ್ದವರು. ಇವರ ಕೈಗೆ ತಿಂಗಳಿಗೆ ಮೂವತ್ತು ಲಾರಿ, ಟ್ರಾಕ್ಟರು ಬರುತ್ತವೆ. ರೇಸಿನ ಇಂಜಿನ್ ಹದಿನೈದು ವರ್ಷದಲ್ಲಿ ಹನ್ನೊಂದೇ. ಒಂದೊಂದಕ್ಕೂ ಒಂದು ತಿಂಗಳು ಹಿಡಿಯುತ್ತದೆ. ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿ, ಗಾಳಿ ಹೋಗುವ ದಾರಿಯನ್ನು ಕೈಯಲ್ಲೇ ಅರ ಹಾಕಿ ನುಣುಪು ಮಾಡುತ್ತಾರೆ. ಪೆಟ್ರೋಲ್ ಉರಿಯುವ ನಾಲ್ಕು ಗುಳಿಗಳಿಗೂ ದನದ ಆಸ್ಪತ್ರೆಯಿಂದ ತಂದ ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿ ಅಳೆಯುತ್ತಾರೆ.

"ನಾಲ್ಕು ಮಕ್ಕಳಿಗೆ ಬಡಿಸ್ದಂಗೆ ಸಾರ್. ಒಬ್ಬನಿಗೆ ಒಂದು ತೊಟ್ಟು ಜಾಸ್ತಿ ಆದ್ರೂ ಒಳಗೆ ಜಗಳ."

ಇಷ್ಟು ಎಚ್ಚರದ ಮನುಷ್ಯ ಹೋದ ವರ್ಷ ಎಡವಿದರು. ಈ ಕಾರು ಕದಿರೇಶನದು, ಊರಿನವನೇ, ಇಪ್ಪತ್ತೆಂಟರ ಹುಡುಗ. ಮದ್ರಾಸಿನ ರೇಸಿನಲ್ಲಿ ನಾಲ್ಕನೇ ಸುತ್ತಿಗೆ ಪಿಸ್ಟನ್ ತೂತಾಗಿ ಇಂಜಿನ್ ಓಡುತ್ತಿದ್ದಂತೆಯೇ ಬಿಗಿದು ನಿಂತಿತು. ಕಾರು ಮಗುಚಿತು, ಅವನ ಬಲಗೈ ಎರಡು ಕಡೆ ಮುರಿಯಿತು.

"ಪ್ಲಗ್ ಬಿಚ್ಚಿದ್ರೆ ಸುಣ್ಣದಂಗೆ ಬೆಳ್ಳಗಿತ್ತು. ಪೆಟ್ರೋಲ್ ಸಾಲ್ದೆ ಒಳಗೇ ಬೆಂದೋಗಿತ್ತು. ಅವರಮ್ಮ ಬೈದಿದ್ರೆ ಚೆನ್ನಾಗಿತ್ತು. ಬೈಲೇ ಇಲ್ಲ," ಎನ್ನುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ತಪ್ಪು ಎಲ್ಲಿ ಅಂತ ಹೊಳೆಯಲು ತಿಂಗಳು ಬೇಕಾಯಿತಂತೆ. ಕೋಲಾರದ ಸೀಮೆ ಎತ್ತರದ್ದು, ಗಾಳಿ ತೆಳು. ಇಲ್ಲಿ ಸರಿಹೊಂದಿಸಿದ ಪೆಟ್ರೋಲು ಘಟ್ಟ ಇಳಿದ ಮೇಲೆ ಅಲ್ಲಿನ ದಟ್ಟ ಗಾಳಿಗೆ ಸಾಲುವುದಿಲ್ಲ. ಮುಳಬಾಗಿಲಿನಲ್ಲೇ ಕೂತು ಮದ್ರಾಸಿಗೆ ಇಂಜಿನ್ ಕಟ್ಟಿದರೆ ಆಗುವುದೇ ಇದು. ಅವತ್ತಿನಿಂದ ಎಂಟು ತಿಂಗಳು ಅವರು ರೇಸಿನ ಇಂಜಿನ್ ಮುಟ್ಟಿರಲಿಲ್ಲ. ಕೈ ಕೂಡಿದ ಕದಿರೇಶನೇ ಬಂದು, ಕಟ್ಟಿದರೆ ನೀವೇ ಕಟ್ಟಬೇಕು ಅಂತ ಶೆಡ್ಡಿನಲ್ಲಿ ಕಾರು ನಿಲ್ಲಿಸಿ ಹೋದನಂತೆ. ಈ ಭಾನುವಾರ ಮತ್ತೆ ಅದೇ ರೇಸು.

ಆರು ಗಂಟೆಗೆ, ಘಟ್ಟದ ಕೆಳಗಿನ ಗಾಳಿಯಲ್ಲಿ ಇಂಜಿನ್ ಪರೀಕ್ಷಿಸಲು ಹೊರಡುತ್ತೇವೆ. ಸ್ಟೀರಿಂಗ್ ಹಿಡಿದವನು ಕದಿರೇಶ, ಪಕ್ಕದಲ್ಲಿ ಮುನಿಯಲ್ಲಪ್ಪ, ಹಿಂದೆ ನಾನು. ನಶ್ಯದ ಡಬ್ಬಿಯಲ್ಲಿ ಜೆಟ್‌ಗಳಿವೆ, ಅಂದರೆ ಕಾರ್ಬುರೇಟರಿನಲ್ಲಿ ಗಾಳಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತಿರುಪುಗಳು. ನಂಗಲಿ ದಾಟಿ, ಪಲಮನೇರು ಕಳೆದು, ಘಟ್ಟ ಇಳಿಯುತ್ತೇವೆ. ಚಿತ್ತೂರಿನಾಚೆ ಸೆಕೆ ಶುರುವಾದಲ್ಲಿ ಕಾರು ನಿಲ್ಲಿಸಿ, ಅವರು ದೊಡ್ಡ ತೂತಿನ ಜೆಟ್ ಹಾಕುತ್ತಾರೆ.

"ಮೂರು ಮೈಲಿ ಪೂರ್ತಿ ಒತ್ತು. ನಾನು ಅಂದ ತಕ್ಷಣ ಇಂಜಿನ್ ಆಫ್ ಮಾಡು."

"ಪೂರ್ತಿನಾ ಅಣ್ಣ?"

"ಪೂರ್ತಿ ಕಣೋ."

ಆ ಮೂರು ಮೈಲಿ ಮುನಿಯಲ್ಲಪ್ಪ ಮುಂದಿನ ರಸ್ತೆ ನೋಡುವುದಿಲ್ಲ, ಕದಿರೇಶನ ಬಲಗೈ ನೋಡುತ್ತಾರೆ. "ಆಫ್!" ಎನ್ನುತ್ತಾರೆ. ಕಾರು ಸದ್ದಿಲ್ಲದೆ ಉರುಳಿ ಹುಣಸೆ ಮರದ ಕೆಳಗೆ ನಿಲ್ಲುತ್ತದೆ. ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚುತ್ತಾರೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕರ ತುದಿಯೂ ಹುರಿದ ಕಡಲೆಯ ಸಿಪ್ಪೆಯ ಕಂದು ಬಣ್ಣ. ಬೇಕಾದದ್ದು ಅದೇ.

ಮುನಿಯಲ್ಲಪ್ಪ ರಸ್ತೆ ಬದಿಯಲ್ಲೇ ಕೂತುಬಿಡುತ್ತಾರೆ. "ಬಾಗುಂದಿ ರಾ, ಚೆನ್ನಾಗಿದೆ ಕಣೋ," ಎಂದು ತೆಲುಗೂ ಕನ್ನಡವೂ ಬೆರೆಸಿ ಎರಡು ಸಲ ಹೇಳುತ್ತಾರೆ. ಕಣ್ಣೊರೆಸಿದ ಬಟ್ಟೆಯ ಗ್ರೀಸು ಕೆನ್ನೆಗೆ ಹತ್ತಿದ್ದನ್ನು ಕಂಡು ಕದಿರೇಶ ನಗುತ್ತಾನೆ. ನನಗೂ ಹಗುರವಾಗುತ್ತದೆ, ಮುಚ್ಚಿಡುವುದೇಕೆ.

"ಮದ್ರಾಸು ಇನ್ನೂ ಕೆಳಗಿದೆ. ಅಲ್ಲಿ ಇನ್ನೊಂದ್ಸಲ ನೋಡ್ಬೇಕು. ಈ ಸಲ ನಾನೂ ಹೋಗ್ತೀನಿ ಸಾರ್."

ರೇಸಿನ ಕಪ್ ಗೆಲ್ಲುವ ಆಸೆ ಇದೆಯೇ ಎಂದು ಕೇಳುತ್ತೇನೆ.

"ಕಪ್ಪು ಗಿಪ್ಪು ಅವನಿಗಿರ್ಲಿ," ಎನ್ನುತ್ತಾರೆ ಮುನಿಯಲ್ಲಪ್ಪ. "ಹೋದ್ಸಲ ಕಾರು ಲಾರಿ ಮೇಲೆ ಬಂತು, ಇವನು ಆಸ್ಪತ್ರೆಯಿಂದ ಬಂದ. ಸೋಮವಾರ ಇದೇ ಕಾರು ಇವನೇ ಓಡಿಸ್ಕೊಂಡು ಅವರಮ್ಮನ ಮನೆ ಮುಂದೆ ನಿಲ್ಲಿಸ್ಬೇಕು. ಎರಡು ಕೈಯಲ್ಲೂ ಸ್ಟೀರಿಂಗ್ ಹಿಡ್ಕೊಂಡು. ಅಷ್ಟೇ ಸಾರ್ ನನಗೆ."