ಗುಜರಿಯೂ ಅಪ್ಪನ ಮೋಟಾರೂ

ಗೆಳತಿಯರು ಅವಳಿಗೆ ಇಟ್ಟ ಹೆಸರು ಗುಜರಿ. ಹಾಸ್ಟೆಲಿನಲ್ಲಿ ಯಾರದಾದರೂ ಇಸ್ತ್ರಿಪೆಟ್ಟಿಗೆ ಕೆಟ್ಟು ಕಸದಬುಟ್ಟಿ ಸೇರಿದರೆ ಸಾಕು, ಮೊಣಕೈವರೆಗೆ ಕೈಹಾಕಿ ಎತ್ತಿಕೊಂಡು ಬರುತ್ತಿದ್ದಳು. ಜೊತೆಗೆ ಅರ್ಧ ಗಂಟೆ ಉಪದೇಶ ಪುಕ್ಕಟೆ. ನಮ್ಮ ಕೊಳ್ಳುವ ಚಟಕ್ಕೆ ಭೂಮಿ ಹೇಗೆ ಬಲಿಯಾಗುತ್ತಿದೆ ಎಂದು ಅವಳು ಶುರುಮಾಡಿದಳೆಂದರೆ, ಎಲ್ಲರಿಗೂ ಒಟ್ಟಿಗೇ ಬಟ್ಟೆ ಒಗೆಯುವುದು ನೆನಪಾಗುತ್ತಿತ್ತು.

ಈ ಹುಚ್ಚು ಹತ್ತಿದ್ದು ಅಪ್ಪನಿಂದ. ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ನಾಲ್ಕು ಜನ ನಿಂತರೆ ಐದನೆಯವನು ರಸ್ತೆಯಲ್ಲಿ. ಕೆಟ್ಟ ಪಂಪಿನ ಮೋಟಾರು ತಂದುಕೊಟ್ಟರೆ ಹಳೆಯ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಕುಡಿಸಿ ಮತ್ತೆ ಓಡಿಸುತ್ತಿದ್ದ. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲೇ ಕೂತು ಸುತ್ತು ಎಣಿಸುತ್ತಿದ್ದಳು. ಹೊಸದು ಕೊಳ್ಳುವವನು ಸೋಮಾರಿ, ರಿಪೇರಿ ಮಾಡಿಸುವವನೇ ಮನುಷ್ಯ ಅನ್ನುವುದು ಅಪ್ಪನ ಸಿದ್ಧಾಂತ. ಮಗಳು ಎಂಜಿನಿಯರಿಂಗ್ ಓದಿ ಅದಕ್ಕೊಂದು ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು, ಅಷ್ಟೆ. ಸ್ನಾತಕೋತ್ತರ ಪ್ರಬಂಧಕ್ಕೂ ಅದೇ ವಿಷಯ: ರಿಪೇರಿಯಾದ ಮೋಟಾರು ಭೂಮಿಯ ಭಾರ ಎಷ್ಟು ಇಳಿಸುತ್ತದೆ.

ಮೊದಲ ಪರೀಕ್ಷೆಗೆ ಎದೆಯುಬ್ಬಿಸಿಕೊಂಡು ಅಪ್ಪ ರಿಪೇರಿ ಮಾಡಿದ ಮೋಟಾರನ್ನೇ ಕಾಲೇಜು ಲ್ಯಾಬಿನ ಬೆಂಚಿಗೇರಿಸಿದಳು. ಮೀಟರು ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಅಷ್ಟೇ ಕೆಲಸಕ್ಕೆ ಅಪ್ಪನ ಮೋಟಾರು ಹೊಸದಕ್ಕಿಂತ ಬಹಳ ಹೆಚ್ಚು ಕರೆಂಟು ನುಂಗುತ್ತಿತ್ತು. ಮೀಟರಿಗೆ ಬೈದು ಬೇರೆಯದು ತಂದಳು. ಅದೂ ಅದನ್ನೇ ಒದರಿತು.

ಬಿಚ್ಚಿ ನೋಡಿದಾಗ ಗೊತ್ತಾಯಿತು, ತಪ್ಪು ಬೆಂಕಿಯದು. ತಂತಿ ಸಲೀಸಾಗಿ ಬಿಟ್ಟುಕೊಳ್ಳಲಿ ಎಂದು ಅಪ್ಪ ಮೋಟಾರಿನ ಒಡಲಿಗೆ ಸೀಮೆಎಣ್ಣೆ ಸುರಿದು ಕೆಂಪಗೆ ಕಾಯಿಸುತ್ತಿದ್ದ. ಒಳಗಿನ ಕಬ್ಬಿಣದ ತೆಳು ಹಾಳೆಗಳ ನಡುವಿನ ಲೇಪ ಆ ಬೆಂಕಿಗೆ ಸುಟ್ಟುಹೋಗಿ, ಆಮೇಲೆ ಜೀವಮಾನವಿಡೀ ಕರೆಂಟು ಅಲ್ಲೇ ಬಿಸಿಯಾಗಿ ಪೋಲಾಗುತ್ತಿತ್ತು.

ಆ ಮೋಟಾರನ್ನು ಪ್ರಬಂಧದ ಪಟ್ಟಿಯಿಂದ ಕೈಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಅವಳು ಹಾಗೇ ಮಾಡಲು ನೋಡಿದಳು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಅಪ್ಪನ ವಿಷಯಕ್ಕೆ ಬಂದಾಗ ಒಣಗಿತು. ಅಂಗಡಿಯೇ ಅವನ ಮಾನ, ಅದು ಅವಳಿಗೆ ಗೊತ್ತಿತ್ತು. ಮೂರನೆಯ ದಿನ ಹೋಗಿ ಹೇಳಿಯೇಬಿಟ್ಟಳು.

ಅಪ್ಪ ಸ್ಪ್ಯಾನರ್ ಎಸೆಯಲಿಲ್ಲ. ಎಸೆಯದೆ ಇದ್ದದ್ದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. ಬೆಂಕಿಯಿಲ್ಲದೆ ತಂತಿ ಬಿಡಿಸುವುದು ಹೇಗೆ ಎಂದಷ್ಟೇ ಕೇಳಿದ. ಹದವಾದ ಶಾಖದ ಓವನ್ನಿನಲ್ಲಿಟ್ಟು, ಅವಸರ ಮಾಡದೆ, ಅಂದಳು. ಮರುವಾರ ಇನ್ನೊಂದು ಮೋಟಾರು ಹೊತ್ತುಕೊಂಡು ಕಾಲೇಜಿಗೇ ಬಂದ. ಅಲ್ಲಿನ ಓವನ್ನಿನ ಮುಂದೆ ಇಡೀ ದಿನ ಕಾವಲು ಕೂತ, ಅಟೆಂಡರಿಗೆ ವೈಂಡಿಂಗ್ ಪಾಠ ಹೇಳಿ ಅವನ ತಲೆ ತಿಂದ. ತಂತಿ ಬಿಡಿಸಿ, ಹೊಸದು ಸುತ್ತಿ, ತಾನೇ ಬೆಂಚಿಗೇರಿಸಿದ.

ಹೊಸದಕ್ಕೂ ಅದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಗುಜರಿ ಅಲ್ಲೇ ಕುಣಿದಳು. ಪ್ರಬಂಧ ಉಳಿಯಿತು, ರಿಪೇರಿಯ ಮರ್ಯಾದೆಯೂ ಉಳಿಯಿತು.

ಅಪ್ಪ ಮೀಟರಿನಿಂದ ಕಣ್ಣು ಕೀಳಲಿಲ್ಲ.

"ಹಾಗಾದ್ರೆ ಮೂವತ್ತು ವರ್ಷ ನಾನು ಸುಟ್ಟು ಕೊಟ್ಟಿದ್ದೆಲ್ಲ ಸೇರಿ ಎಷ್ಟು ಕರೆಂಟು ದಂಡ ಆಗಿರಬಹುದಮ್ಮ?"

"ಅದನ್ನ ನಾನು ಲೆಕ್ಕ ಹಾಕಿಲ್ಲಪ್ಪ."

ಎರಡು ದಶಾಂಶದವರೆಗೆ ಹಾಕಿದ್ದಳು. ಸ್ಟೂಲಿನ ಮೇಲೆ ತೆರೆದೇ ಇದ್ದ ನೋಟ್‌ಬುಕ್ಕನ್ನು ಮುಚ್ಚಿ, ಅದರ ಮೇಲೆಯೇ ಕೂತಳು.