ತಿದ್ದಿದ ದನಿ

ಆ ಮನೆಯ ಅಕ್ಕ ಹೊಲಿಯುತ್ತ ಹಾಡುತ್ತಾಳೋ, ಹಾಡುತ್ತ ಹೊಲಿಯುತ್ತಾಳೋ ದೇವರಿಗೇ ಗೊತ್ತು ಎನ್ನುತ್ತಿದ್ದರು ಅಕ್ಕಪಕ್ಕದವರು. ಕೋಟಿನ ಅಳತೆ ಕೊಡಲು ಬಂದವರು ಕೆಲಸ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಎದುರುಮನೆಯ ಮುದುಕರಂತೂ, ಈ ಹೆಂಗಸಿನ ಕೈ ತಪ್ಪಿದರೂ ತಪ್ಪೀತು, ಸ್ವರ ತಪ್ಪುವುದಿಲ್ಲ ಎಂದು ಹೇಳಿ ಹೇಳಿ, ಕೊನೆಗೆ ತಮ್ಮ ಪ್ಯಾಂಟಿನ ಒಂದು ಕಾಲು ಗಿಡ್ಡವಾದಾಗಲೂ ಅದನ್ನೇ ಹೇಳಿದರು.

ತಂಗಿಗೆ ಹಾಡಲು ಬರುತ್ತಿರಲಿಲ್ಲ. ಅವಳ ವಿದ್ಯೆಯೇ ಬೇರೆ. ವಾರವೆಲ್ಲ ಔಷಧಿ ಅಂಗಡಿಯ ಕೆಲಸ. ರಜೆ ಬಂತೆಂದರೆ ಅಕ್ಕನನ್ನು ಕೋಟುಗಳು ನೇತಾಡುವ ಕಪಾಟಿನೊಳಗೆ ಮೈಕಿನ ಮುಂದೆ ನಿಲ್ಲಿಸುವಳು. ದಪ್ಪ ಬಟ್ಟೆ ಬೀದಿಯ ಗದ್ದಲವನ್ನೆಲ್ಲ ನುಂಗಿಬಿಡುತ್ತಿತ್ತು. ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ಅಕ್ಕನ ದನಿ ಗೆರೆಯಾಗಿ ಹರಿಯುವುದು. ಎಲ್ಲಾದರೂ ಸ್ವರ ಕೂದಲೆಳೆಯಷ್ಟು ಇಳಿದಿದ್ದರೆ ಆ ಗೆರೆಯನ್ನು ಹಿಡಿದು, ಮಗುವನ್ನು ಎತ್ತಿದಂತೆ ಎತ್ತಿ, ಅದರ ಜಾಗದಲ್ಲಿ ಕೂರಿಸುವಳು. ನಾನು ಬಟ್ಟೆಯ ಸುಕ್ಕು ತೆಗೆಯುತ್ತೇನೆ, ನೀನು ನನ್ನ ಸುಕ್ಕು ತೆಗಿ ಎಂದು ಅಕ್ಕ ನಗುತ್ತಿದ್ದಳು.

ಹೀಗಿರಲಾಗಿ ಅಕ್ಕನ ಗಂಟಲಲ್ಲಿ ಒಂದು ಗಂಟು ಕಂಡಿತು. ತೆಗೆದರು. ಮರಳಿ ಬರುವ ಜಾತಿಯ ಗಂಟು ಇದು ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಆಸ್ಪತ್ರೆ ದೂರ, ಹಾಗಾಗಿ ತಿಂಗಳಿಗೊಮ್ಮೆ ಒಂದು ಪುಟ ಓದಿ, ಒಂದು ಸ್ವರವನ್ನು ಉಸಿರಿರುವಷ್ಟು ಹೊತ್ತು ಹಿಡಿದು, ರೆಕಾರ್ಡ್ ಮಾಡಿ ಕಳಿಸಿ, ದನಿ ಕೆಟ್ಟಂತೆ ಕಂಡರೆ ಕೂಡಲೇ ಕರೆಸುತ್ತೇನೆ ಎಂದರು.

ಮೊದಲ ತಿಂಗಳು ತಂಗಿ ಇದ್ದದ್ದನ್ನು ಇದ್ದ ಹಾಗೇ ಕೇಳಿಸಿದಳು. ಅಕ್ಕ ಅದನ್ನು ಕಳಿಸಿದಳು, ಆದರೆ ಒಂದು ವಾರ ಹಾಡಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಅದನ್ನು ನೋಡಲಾರದೆ ಎರಡನೆಯ ತಿಂಗಳು ತಂಗಿ ಒರಟು ತೆಗೆದು, ಸ್ವರ ತಿದ್ದಿ ಕೇಳಿಸಿದಳು. ಇದು ಅಕ್ಕನ ಕಿವಿಗೆ ಮಾತ್ರ, ಡಾಕ್ಟರಮ್ಮನಿಗೆ ನಿಜವಾದದ್ದನ್ನು ತಾನೇ ಕಳಿಸಿದರಾಯಿತು ಎಂದುಕೊಂಡಿದ್ದಳು. ಅಕ್ಕ ಕೇಳಿ ಮುಗಿಸಿದವಳೇ ತನ್ನ ಫೋನಿನಿಂದ ಅದನ್ನೇ ಕಳಿಸಿಬಿಟ್ಟಳು. ಈಗ ಬೇರೆಯದನ್ನು ಕಳಿಸಿದರೆ ಅಕ್ಕನಿಗೆ ತಿಳಿದುಹೋಗುತ್ತದೆಂದು ತಂಗಿ ನಿಜವಾದದ್ದನ್ನು ಕಳಿಸಲಿಲ್ಲ. ಒಂದು ತಿಂಗಳ ಮಾತು ತಾನೇ, ಅಷ್ಟರಲ್ಲಿ ಗಂಟಲು ಮಾಯುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಮೂರನೆಯ ತಿಂಗಳೂ ಹಾಗೇ ಆಯಿತು.

ನಾಲ್ಕನೆಯ ತಿಂಗಳು ತಂಗಿ ಪರದೆ ನೋಡಿದಳು. ಉದ್ದಕ್ಕೆ ಹಿಡಿದ ಸ್ವರದ ನಡುವೆ ಗೆರೆಯೇ ಇಲ್ಲ. ಬರೀ ಬುಸುಗುಟ್ಟುವ ಉಸಿರು. ಎತ್ತಿ ಕೂರಿಸೋಣವೆಂದರೆ ಅಲ್ಲಿ ಸ್ವರವೇ ಇರಲಿಲ್ಲ. ಹಿಂದಿನಿಂದ ಅಕ್ಕ, ಆಯಿತೇನೇ, ಕೇಳಿಸು ಎನ್ನುತ್ತಿದ್ದಾಳೆ. ತಂಗಿ ಹೋದ ವರ್ಷದ ಹಾಡೊಂದನ್ನು ತೆರೆದು, ಅಂಥದೇ ಸ್ವರ ಹುಡುಕಿ, ಕತ್ತರಿಸಿ ಆ ತೂತಿಗೆ ತೇಪೆ ಹಾಕಿದಳು.

ಎರಡು ದಿನಕ್ಕೆ ಉತ್ತರ ಬಂತು. ದನಿ ತುಂಬ ಸುಧಾರಿಸಿದೆ, ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು.

ಆರು ತಿಂಗಳು. ಔಷಧಿ ಅಂಗಡಿಯಲ್ಲಿ ಗಿರಾಕಿಯೊಬ್ಬರು ಎದುರು ನಿಂತು ಮೂರು ಸಲ ಚೀಟಿ ಚಾಚಿದರೂ ಅವಳಿಗೆ ಕಾಣಲಿಲ್ಲ. ಮಧ್ಯಾಹ್ನವೇ ಅಂಗಡಿಯಿಂದ ಎದ್ದು ಮನೆಗೆ ಬಂದಳು. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಅಕ್ಕ, ಡಾಕ್ಟರಮ್ಮ ಕೇಳಿದ್ದು ನಿನ್ನ ದನಿಯಲ್ಲ."

"ಮತ್ತೆ ಯಾರದು, ಎದುರುಮನೆ ಮುದುಕರದಾ?"

"ಹೋದ ವರ್ಷದ್ದು. ಹಾಡಿನಿಂದ ಕತ್ತರಿಸಿ ಅಂಟಿಸಿದೆ. ಮೂರು ತಿಂಗಳಿಂದ ಕಳಿಸಿದ್ದೆಲ್ಲ ತಿದ್ದಿದ್ದೇ."

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ತಿದ್ದದೇ ಇದ್ದದ್ದನ್ನು ಹಾಕು ಎಂದಳು. ತಂಗಿ ಹಾಕಿದಳು. ಕೋಣೆಯ ತುಂಬ ಆ ಬುಸುಗುಟ್ಟುವಿಕೆ. ಅಕ್ಕ ಕೊನೆಯವರೆಗೂ ಕದಲಲಿಲ್ಲ. ಎರಡು ಏಟು ಬಿದ್ದರೂ ಸರಿ ಎಂದು ತಂಗಿ ಕಾದಳು.

"ನನ್ನ ಗಂಟಲು ನನಗೆ ತಿಳಿಯದೇನೇ?" ಎಂದಳು ಅಕ್ಕ. "ಗೊತ್ತಿತ್ತು ಕಣೇ. ಕೇಳೋಕೆ ಚೆನ್ನಾಗಿತ್ತು, ಅದಕ್ಕೇ ಕಳಿಸಿದೆ. ಹೆದರಿಕೆ ನಿನಗೊಬ್ಬಳಿಗೇ ಅಂದುಕೊಂಡೆಯಾ?"

ಇಬ್ಬರೂ ಕೂತು ಮೂರೂ ತಿಂಗಳ ನಿಜವಾದ ದನಿ ಕಳಿಸಿದರು. ಗಂಟೆಯೊಳಗೆ ಡಾಕ್ಟರಮ್ಮನೇ ಫೋನ್ ಮಾಡಿದರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ನಾಳೆ ಬೆಳಿಗ್ಗೆಯೇ ಬನ್ನಿ, ಹೆಚ್ಚು ದಿನಕ್ಕಾಗುವಷ್ಟು ಬಟ್ಟೆ ತನ್ನಿ ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಬೆಳಿಗ್ಗೆ ಅಕ್ಕ ಅರ್ಧವಾಗಿದ್ದ ಕೋಟಿಗೆ, ಗುಂಡಿ ಮಾತ್ರ ಬಾಕಿ ಎಂದು ಚೀಟಿ ಬರೆದು ಚುಚ್ಚಿದಳು. ಡಾಕ್ಟರಮ್ಮನ ಹೊಲಿಗೆ ನನ್ನದಕ್ಕಿಂತ ನೀಟಾಗಿರದಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸ್ತೀನಿ ಎಂದಳು. ತಂಗಿ ನಗಲು ಹೋದಳು, ಆಗಲಿಲ್ಲ. ಬೀಗ ಹಾಕುವಾಗ ಅವಳ ಕೈಯಿಂದ ಕೀಲಿ ಎರಡು ಸಲ ಕೆಳಗೆ ಬಿತ್ತು. ಅಕ್ಕನೇ ಬಗ್ಗಿ ಎತ್ತಿ, ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಕೀಲಿಯನ್ನು ತಂಗಿಯ ಕೈಯಲ್ಲಿಟ್ಟಳು. ಆಮೇಲೆ ಚೀಲವನ್ನು ಹೆಗಲಿಗೇರಿಸಿ, ಮೆಟ್ಟಿಲಿಳಿದು ಬೀದಿಗೆ ನಡೆದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.